ಕಡಲಿಗೆ ಇಡೀ ಕಾಯಿ

ಪಕ್ಕದ ಮನೆಯ ಆಯಿಯ ಬಲಗಾಲಿನ ಹೆಬ್ಬೆರಳು ಚಪ್ಪಟೆಯಾಗಿ ಪಕ್ಕಕ್ಕೆ ಹರಡಿಕೊಂಡಿತ್ತು. ಗಜೇಂದ್ರಗಡದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಜೀವಮಾನವೆಲ್ಲ ಹಲಗೆ ತುಳಿದ ಬೆರಳು ಅದು. ಅದನ್ನು ಸವರಿಕೊಳ್ಳುತ್ತ, “ಈ ಕಾಲು ಮೊದಲ ಉಸುಕಿನ್ಯಾಗ ಓಡ್ಯಾಡಿದ್ದು, ಕುಣಿ ಕಂಡದ್ದು ಆಮ್ಯಾಲೆ” ಅನ್ನುತ್ತಿದ್ದಳು. ಅವಳ ತವರು ಕಾರವಾರ. ಸೀರೆ ಮಾರಲು ಅಲ್ಲಿಗೆ ಹೋದ ಗಂಡ ಗಂಟು ಖಾಲಿ ಮಾಡಿ ಹೆಂಡತಿಯನ್ನು ಕರೆತಂದ ಎಂದು ಓಣಿಯವರು ಅವಳನ್ನು ಕಾಡಿಸುತ್ತಿದ್ದರು.

ನಾನು ಬೆಳವಣಕಿಯ ಒಕ್ಕಲುತನದ ಮನೆಯ ಮಗಳು. ಮದುವೆಯಾಗಿ ಅವಳ ಪಕ್ಕದ ಮನೆಗೆ ಬಂದಾಗ ಲಾಳಿ ಹಿಡಿಯಲೂ ಗೊತ್ತಿರಲಿಲ್ಲ. ಒಂದು ಎಳೆ ಹರಿದರೆ ಅಳು ಬರುತ್ತಿತ್ತು. ನಮ್ಮ ಅತ್ತೆಗೆ ತಾಳ್ಮೆ ಅಷ್ಟಕ್ಕಷ್ಟೇ, ಈಗ ಹೇಳಿದರೆ ತಪ್ಪಿಲ್ಲ. ಆಯಿಯೇ ಬಂದು ಪಕ್ಕ ಕೂಡುತ್ತಿದ್ದಳು. “ಅಳಬ್ಯಾಡ. ಹರದದ್ದು ಎಳಿ, ನಿನ್ನ ನಸೀಬಲ್ಲ” ಎಂದು ಗಂಟು ಹಾಕಿ ತೋರಿಸುತ್ತಿದ್ದಳು.

ಕೈ ನೇಯ್ಗೆ ಕಲಿಸುತ್ತಿದ್ದರೆ ಬಾಯಿ ಕಾರವಾರ ಹೇಳುತ್ತಿತ್ತು. ಬಂದರಿನ ಹತ್ತಿರ ಹತ್ತಿಯ ಗೋದಾಮು, ಅದರ ಹಿಂದೆ ಅವರ ಮನೆ. ಗಾಳಿ ಎದ್ದಾಗ ದೋಣಿಯವರಿಗೆ ದಂಡೆ ಕಾಣಲೆಂದು ಅವಳ ಅಜ್ಜಿ, ಆಮೇಲೆ ಅವ್ವ, ಅಂಗಳದಲ್ಲಿ ಕಂದೀಲು ಇಡುತ್ತಿದ್ದರಂತೆ. ಮುತ್ತಜ್ಜ ಹತ್ತಿಯ ಹೊರೆಗಳನ್ನು ದೋಣಿಗೆ ಏರಿಸಿ ಹಡಗಿಗೆ ಮುಟ್ಟಿಸುತ್ತಿದ್ದನಂತೆ. ಆ ಹತ್ತಿ ಎಲ್ಲಿಯದು? ನಮ್ಮ ರೋಣ, ನರಗುಂದದ ಎರೆಹೊಲದ್ದು. ಗಾಡಿಗಳು ಇಲ್ಲಿಂದಲೇ ಹೊರಟು ಘಟ್ಟ ಇಳಿಯುತ್ತಿದ್ದವು.

“ನಿಮ್ಮ ಮುತ್ತಜ್ಜ ಗಾಡಿ ಹೊಡಕೊಂಡ ಬಂದಾನ, ನಮ್ಮ ಮುತ್ತಜ್ಜ ಹೊರಿ ಇಳಿಸ್ಯಾನ. ನಾವು ಬೀಗರ ಅಲ್ಲೇನ ಮತ್ತ?” ಎನ್ನುತ್ತಿದ್ದಳು. ಖರೆಯೋ ಸುಳ್ಳೋ, ತವರು ಬಿಟ್ಟು ಬಂದ ನನಗೆ ಆ ಮಾತು ಭಾಳ ಹಿತವಾಗುತ್ತಿತ್ತು.

ನೂಲ ಹುಣ್ಣಿಮೆಯ ದಿನ ನಮ್ಮ ನೇಕಾರರ ಮನೆಗಳಲ್ಲಿ ಗಂಡಸರು ಜನಿವಾರ ಬದಲಿಸುತ್ತಾರೆ. ಅದೇ ದಿನ ಕಾರವಾರದಲ್ಲಿ ಕಡಲಿಗೆ ತೆಂಗಿನಕಾಯಿ ಕೊಡುತ್ತಾರೆ. ಇಲ್ಲಿ ಕಡಲೆಲ್ಲಿ? ಆಯಿ ಊರ ಹೊಂಡಕ್ಕೆ ಹೋಗುತ್ತಿದ್ದಳು. ಮೊದಲ ವರ್ಷ ಕಾಯಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಗುಡಿಯ ರೂಢಿಯವಳು. ಮೆಟ್ಟಿಲಿಗೆ ಹೊಡೆದು ಒಡೆದು, ಒಂದು ಹೋಳು ನೀರಿಗೆ ಬಿಟ್ಟು, ಇನ್ನೊಂದನ್ನು ಅವಳ ಸೆರಗಿಗೆ ಹಾಕಿದೆ. ಆಯಿ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

“ಹುಚ್ಚಿ, ಸಮುದ್ರಕ್ಕ ಇಡೀ ಕಾಯಿ ಕೊಡಬೇಕ. ಅರ್ಧಾ ತಿರುಗಿ ಮನಿಗೆ ಒಯ್ಯಾಕ ಅದೇನ ಗುಡೀನ?”

ನಗು ನಿಂತ ಮೇಲೆ ಸೆರಗಿನ ಹೋಳನ್ನು ತಿರುವಿ ನೋಡಿದಳು. ಅವಳ ತವರುಮನೆ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಇದ್ದೊಬ್ಬ ತಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದ. “ನಾ ಹ್ವಾದ ಮ್ಯಾಲೆ, ಗೋದಾಮಿನ ಹಿಂದಿನ ಮನಿಯವರು ಅಂತ ಹೇಳಾಕ ಯಾರೂ ಉಳಿಯಂಗಿಲ್ಲ ನೋಡ” ಎಂದಳು. ನಾನು ಅವಳ ಸೆರಗಿನಲ್ಲಿದ್ದ ಹೋಳಿನ ಕೊಬ್ಬರಿ ಬಿಡಿಸಿ ಕೊಟ್ಟೆ. ಇಬ್ಬರೂ ತಿಂದೆವು.

ಹೋದ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ನನ್ನ ಮಗ್ಗದಿಂದ ಇಳಿಯುವ ಒಂದೊಂದು ಸೀರೆಯೂ ಅವಳ ಋಣ. ಆ ಋಣ ತೀರುವಂಥದ್ದಲ್ಲ, ತೀರುವುದೂ ಬೇಡ. ನೂಲ ಹುಣ್ಣಿಮೆ ಬಂದಾಗ, ಈ ವರ್ಷ ಜನಿವಾರದ ಹಬ್ಬದ ಅಡುಗೆ ನೀವೇ ಮಾಡಿಕೊಳ್ಳಿ ಎಂದು ಮನೆಯ ಗಂಡಸರಿಗೆ ಹೇಳಿ ಕಾರವಾರದ ಬಸ್ಸು ಹತ್ತಿದೆ. ನಾನು ಕಡಲು ಕಂಡದ್ದು ಅದೇ ಮೊದಲು.

ಕಾಯಿಯನ್ನು ಒಡೆಯದೆ ನೀರಿಗೆ ಬಿಟ್ಟೆ. ತೆರೆ ಅದನ್ನು ಕಾಲ ಬುಡಕ್ಕೇ ತಂದು ಹಾಕಿತು. ಮತ್ತೆ ಬಿಟ್ಟೆ, ಮತ್ತೆ ಬಂತು. ಪಕ್ಕದಲ್ಲಿದ್ದ ಮುದುಕರೊಬ್ಬರು, “ಇನ್ನೂ ಸ್ವಲ್ಪ ಮುಂದೆ ಹೋಗಿ ಬಿಡಮ್ಮ” ಎಂದರು. ಮೊಣಕಾಲ ಮಟ ಸೀರೆ ನೆನೆಸಿಕೊಂಡು ಎಸೆದೆ. ಈ ಸಲ ಹೋಯಿತು.

“ಇಲ್ಲಿ ನಿಮ್ಮದು ಯಾವ ಮನೆ?” ಮುದುಕರು ಕೇಳಿದರು.

ಗಜೇಂದ್ರಗಡದವಳು ಎನ್ನಬೇಕಿತ್ತು.

“ಗೋದಾಮಿನ ಹಿಂದಿನ ಮನಿಯಾಕಿರಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಕಂದೀಲು ಇಡ್ತಿದ್ದ ಮನೆಯಾ?”

“ಹೌದ್ರಿ” ಎಂದೆ. “ಅದೇ ಮನಿ.”