ಐದು ಬಿಳಿ ಸಸಿ

ಅಡುಗೆಮನೆಯಲ್ಲಿ ಗೋದಿ ಚೀಲ ಸರಿಸಿದೆ ನೋಡಿ, ಕೆಳಗೆ ಚೆಲ್ಲಿದ್ದ ಕಾಳುಗಳು ತೇವಕ್ಕೆ ಮೊಳೆತು, ಕತ್ತಲಲ್ಲಿ ಬಿಳಿಚಿಕೊಂಡು ನಿಂತಿವೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ಕಾಶವ್ವ ನೆನಪಾದಳು.

ಗೋವಾದ ಒಂದು ಪ್ರಯೋಗಾಲಯದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದ ಕಾಲ. ಸಂಶೋಧನೆ ಅಂದರೆ ಏನು ಮಹಾ, ಗೋದಿ ಸಸಿ ಬೆಳೆಸಿ ಅರೆಯುವುದು. ಬೇರಿಗೆ ಸಾರಜನಕದ ಊಟ ಎಷ್ಟೇ ಬಡಿಸಿ, ಅದನ್ನು ಅರಗಿಸುವ ಕಿಣ್ವ ಎಲೆಯಲ್ಲಿ ಹುಟ್ಟಬೇಕಾದರೆ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣ 'ನಾನು ನೆಟ್ಟಗಿದ್ದೇನೆ' ಎಂದು ಹೇಳಿ ಕಳಿಸಬೇಕಂತೆ. ಹೌದೋ ಅಲ್ಲವೋ ನೋಡಲು ಮದ್ದು ಹಾಕಿ ಆ ಕಣಗಳನ್ನೇ ಕೆಡಿಸುತ್ತಿದ್ದೆ. ಸಸಿಗಳು ಬೆಳ್ಳಗೆ ಏಳುತ್ತಿದ್ದವು. ನಾನು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಓಡಾಡುತ್ತಿದ್ದೆ ಅನ್ನಿ.

ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು ವಿಜಾಪುರ ಕಡೆಯ ಕಾಶವ್ವ. ಬಾಯ್ನಾ ಕಡಲತೀರದಲ್ಲಿದ್ದ ಅವಳ ಮನೆಯನ್ನು ಆ ವರ್ಷವೇ ಸರಕಾರದವರು ಕೆಡವಿದ್ದರು. ಝುವಾರಿನಗರದಲ್ಲಿ ತಾಡಪಾಲಿನ ಕೆಳಗೆ ಸಂಸಾರ. ಬಂದರಿನ ಹಮಾಲನಾಗಿದ್ದ ಗಂಡ ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದ. ನವರಾತ್ರಿಗೆ ದೇವಿಯ ಮುಂದೆ ಮಣ್ಣಿನಲ್ಲಿ ಗೋದಿ ಬಿತ್ತಿ ಘಟ ಹಾಕಿದ್ದಳು. ಕತ್ತಲಲ್ಲಿ ಬೆಳ್ಳಗೆ ಏಳುವ ಆ ಸಸಿಯನ್ನು ದಸರೆಯಂದು ಗಂಡನ ಟೊಪ್ಪಿಗೆಗೆ ಸಿಕ್ಕಿಸಿದರೆ ಅವನು ಉಳಿದಾನೆಂದು ಅವಳ ನಂಬಿಕೆ. ನಾಲ್ಕನೇ ದಿನ ಮಳೆನೀರು ನುಗ್ಗಿ ಎಲ್ಲ ಕೊಳೆತುಹೋಯಿತು. ಮರುದಿನ ಕೆಲಸಕ್ಕೆ ಬಂದವಳು ನನ್ನ ಬಿಳಿ ಸಸಿಗಳನ್ನು ಕಂಡು ಕೇಳಿದಳು:

"ಐದ ಸಸಿ ಕೊಡ್ರಿ ಸರ್. ದೇವಿಗೆ ಬೇಡ್ಕೊಂಡೇನಿ."

"ಮದ್ದು ಹಾಕಿದ್ದೈತಿ ಕಾಶವ್ವ, ಬ್ಯಾಡ."

ಸುಳ್ಳಲ್ಲ. ಆದರೆ ಖರೇ ಕಾರಣ ಅದಲ್ಲ. ಪ್ರಯೋಗದ ತೂಕಕ್ಕೆ ಐದು ಸಸಿ ಕಡಿಮೆಯಾದೀತೆಂಬ ಜಿಪುಣತನ. ದಸರೆಗೆ ಇನ್ನೂ ಐದು ದಿನವಿತ್ತು. ಕಪಾಟಿನ ಕತ್ತಲಲ್ಲಿ ಅವಳಿಗೆಂದೇ ಒಂದು ಹಿಡಿ ಬಿತ್ತಬಹುದಿತ್ತು. ನನ್ನ ತಲೆಗೆ ಹೊಳೆಯಲೇ ಇಲ್ಲ. ಅವಳೆದುರಿಗೇ ಸಸಿಗಳನ್ನು ಒರಳಿಗೆ ಹಾಕಿ ಅರೆದೆ.

ದೀಪಾವಳಿಗೆ ಮುಂಚೆ ಗಂಡ ತೀರಿಕೊಂಡ. ಕೆಲಸಕ್ಕೆ ಮರಳಿದವಳು ಅದೇ ಒರಳು ತೊಳೆಯುತ್ತ ಕೇಳಿದಳು:

"ಅವತ್ತ ಅರದ್ರಲ್ಲ, ಅದರಾಗ ಏನರ ಸಿಕ್ತೇನ್ರಿ?"

"ಇಲ್ಲ. ಏನೂ ಇರಲಿಲ್ಲ."

ಬಿಳಿ ಎಲೆಯಲ್ಲಿ ಕಿಣ್ವ ಇಲ್ಲದಿರುವುದೇ ನನಗೆ ಬೇಕಾಗಿದ್ದ ಫಲಿತಾಂಶ. ಅದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

"ಹಂಗಾರ ನನಗ ಕೊಟ್ಟಿದ್ರೂ ನಡೀತಿತ್ತು ಬಿಡ್ರಿ," ಎಂದು ಒರಳನ್ನು ಬೋರಲು ಹಾಕಿದಳು.

ಸಸಿಯಿಂದ ಜೀವ ಉಳಿಯುತ್ತದೆಂದು ನಾನು ಈಗಲೂ ನಂಬುವುದಿಲ್ಲ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

"ಗುಡಿಸಿ ಚೆಲ್ಲಲಾ?" ಹೆಂಡತಿ ಕಸಬರಿಗೆ ಹಿಡಿದು ನಿಂತಿದ್ದಾಳೆ.

ಬೇಡವೆಂದೆ. ಬೆಳಕು ಬಿದ್ದರೆ ಒಂದೇ ದಿನದಲ್ಲಿ ಹಸಿರಾಗಿಬಿಡುತ್ತವೆ. ಮೇಲೆ ಬುಟ್ಟಿ ಮುಚ್ಚಿಟ್ಟೆ. ದಸರೆಗೆ ಇನ್ನೂ ಐದು ದಿನವಿದೆ.