ಖಾಲಿ ಮನೆಗಳ ನಲ್ಲಿ ಅಕ್ಕ

ಬೆಳಗಿನ ಐದೂಕಾಲು. ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿಯಲ್ಲೊಂದು ಖಾಲಿ ಮನೆ. ಕರೆಂಟಿದೆ, ಬಲ್ಬಿಲ್ಲ, ಹಿಂದೆ ಇದ್ದವರು ಬಿಚ್ಚಿಕೊಂಡು ಹೋಗಿದ್ದಾರೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಬೈಲ್ ಬೆಳಕಿನಲ್ಲಿ ಅಡುಗೆಮನೆಯ ನಲ್ಲಿ ತಿರುಗಿಸಿ, ಕೆಳಗೆ ಬಕೆಟ್ ಇಟ್ಟು, ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ. ನಲ್ಲಿ ಒಮ್ಮೆ ಕೆಮ್ಮುತ್ತದೆ, ಕೆಂಪು ನೀರು ಉಗುಳುತ್ತದೆ, ಆಮೇಲೆ ದಾರದಷ್ಟು ಸಣ್ಣಗೆ ಸುರಿಯತೊಡಗುತ್ತದೆ. ಎಣಿಕೆ ಇನ್ನೂರು ದಾಟಿದರೂ ಬಕೆಟ್ ಕಾಲು ಭಾಗ ತುಂಬಿಲ್ಲ.

“ಬೇಡ ಬಿಡಿ ಸರ್ ಈ ಮನೆ. ಮಧ್ಯಾಹ್ನ ಬಂದ್ರೆ ಟ್ಯಾಂಕ್ ತುಂಬಿರುತ್ತೆ, ನೀರು ಧೋ ಅಂತ ಬೀಳುತ್ತೆ. ಎಲ್ಲರೂ ಎದ್ದು ನಲ್ಲಿ ಬಿಡೋ ಹೊತ್ತಿಗೆ ಬಂದ್ರೆ ತಾನೇ ಬಂಡವಾಳ ಗೊತ್ತಾಗೋದು,” ಎನ್ನುತ್ತಾರೆ ಅವರು.

ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ ನಾನು ಎರಡು ಮಹಡಿ ಹತ್ತಿದ್ದಕ್ಕೇ ಏದುಸಿರು ಬಿಡುತ್ತಾ ಗೋಡೆಗೆ ಒರಗಿದ್ದೇನೆ. “ಅಲ್ಲಿ ಒರಗ್ಬೇಡಿ, ಒಳಗೆ ಪೈಪ್ ಸೋರ್ತಿದೆ,” ಎಂದು ನೋಡದೆಯೇ ಹೇಳುತ್ತಾರೆ. ಅಂಗಿ ಆಗಲೇ ಒದ್ದೆಯಾಗಿದೆ, ಬೆನ್ನ ತುಂಬಾ ಸುಣ್ಣ.

ಊರಿನ ಮನೆ ಬ್ರೋಕರುಗಳು ಇವರಿಗಿಟ್ಟ ಹೆಸರು ನಲ್ಲಿ ಅಕ್ಕ. ‘ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಾರಲ್ಲ, ಈ ಅಕ್ಕ ನೀರಿಗೇ ಮೊದಲು ಬರೋದು’ ಎಂದು ತಮಾಷೆ ಮಾಡುತ್ತಾರೆ. ತಮಾಷೆಯಲ್ಲಿ ಒಂದಿಷ್ಟು ಸಿಟ್ಟೂ ಇದೆ, ಏಕೆಂದರೆ ಇವರು ನೋಡಿ ಹೋದ ಮನೆಗಳಲ್ಲಿ ಮುಕ್ಕಾಲು ಪಾಲು ಕುದುರುವುದಿಲ್ಲ. ಬೇರೆ ಊರಿನಿಂದ ಇಲ್ಲಿಗೆ ಬರುವವರು, ಬಂದು ನೋಡಲು ರಜೆಯಿಲ್ಲದವರು, ಇಲ್ಲಿ ನೆಂಟರಿಷ್ಟರು ಯಾರೂ ಇಲ್ಲದವರು ಇವರಿಗೆ ಫೋನ್ ಮಾಡುತ್ತಾರೆ. ಅವರ ಪರವಾಗಿ ಮನೆ ನೋಡುವುದೇ ಇವರ ಕೆಲಸ. ಒಂದೇ ಮನೆಯನ್ನು ಮೂರು ಸಲ ನೋಡುತ್ತಾರೆ: ಬೆಳಕು ಹರಿಯುವ ಮುಂಚೆ, ನಡು ಮಧ್ಯಾಹ್ನ, ದೀಪ ಹಚ್ಚಿದ ಮೇಲೆ. ದಿನಕ್ಕೆ ನಾಲ್ಕು ಮನೆ, ಹೆಚ್ಚುಕಡಿಮೆ ಮುನ್ನೂರು ಮೆಟ್ಟಿಲು. ಒಂದು ಜೊತೆ ಚಪ್ಪಲಿ ಐದು ತಿಂಗಳು ಬಂದರೆ ದೊಡ್ಡದು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದರು ಹಿರಿಯರು. ಗೊತ್ತಿಲ್ಲದ ಊರಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡು ಎಂದು ಸೇರಿಸುವುದನ್ನು ಮರೆತುಬಿಟ್ಟರು. ಬಹುಶಃ ಅವರಿಗೆ ವರ್ಗಾವಣೆಯ ಕಾಟ ಇರಲಿಲ್ಲ.

ಈ ವಾರ ನಲ್ಲಿ ಅಕ್ಕನ ತಲೆ ತಿನ್ನುತ್ತಿರುವುದು ಅಂಚೆ ಕಚೇರಿಯ ಗುಮಾಸ್ತೆಯೊಬ್ಬರ ಮನೆ ಹುಡುಕಾಟ. ಗುಮಾಸ್ತೆಗೆ ಈ ಊರಿಗೆ ವರ್ಗವಾಗಿದೆ, ಶುಕ್ರವಾರ ಕೆಲಸಕ್ಕೆ ಹಾಜರಾಗಬೇಕು. ಜೊತೆಗಿರುವುದು ತಾಯಿ ಒಬ್ಬರೇ. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಹಳೆಯ ಮನೆ ಬಿಡುವುದಾಗಿ ಹೇಳಿಯಾಗಿದೆ, ಸಾಮಾನು ಕಟ್ಟಿಯಾಗಿದೆ, ಗುರುವಾರಕ್ಕೆ ವ್ಯಾನ್ ಗೊತ್ತುಮಾಡಿಯಾಗಿದೆ. ಇವತ್ತು ಮಂಗಳವಾರ. ಇಷ್ಟರಲ್ಲಿ ನೋಡಿದ ಮನೆಗಳು ಏಳು. ಎರಡನ್ನು ನಲ್ಲಿ ಅಕ್ಕನೇ ಬೇಡವೆಂದಿದ್ದಾರೆ. ಉಳಿದ ಐದರ ಮಾಲೀಕರು, ಹಾಸಿಗೆ ಹಿಡಿದವರಿದ್ದಾರೆ ಎಂದು ಕೇಳಿದ ಕೂಡಲೇ ರಾಗ ಎಳೆದಿದ್ದಾರೆ.

ಬೀದಿ ತುದಿಯ ಚಹಾದಂಗಡಿಯಲ್ಲಿ ಗ್ಲಾಸು ಹಿಡಿದು ಕೂತಾಗ ಅವರು ತಮ್ಮ ಕತೆ ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದೆ ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಭಾನುವಾರ ಮಧ್ಯಾಹ್ನ ಒಂದು ಮನೆ ನೋಡಿದರು. ಸದ್ದಿಲ್ಲದ ಬೀದಿ, ಹೊಸ ಬಣ್ಣ, ಅವತ್ತೇ ಮುಂಗಡ ಕೊಟ್ಟರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಪಕ್ಕದ ಶೆಡ್ಡಿನ ಬಾಗಿಲು ತೆರೆಯಿತು. ಒಳಗೆ ತಗಡು ಬಡಿಯುವ ಕೆಲಸ.

“ಇವರು ರಾತ್ರಿಯೆಲ್ಲಾ ದುಡಿದು ಬಂದು ಮಲಗೋ ಹೊತ್ತಿಗೆ ಅಲ್ಲಿ ಶುರು, ಢಣ್ ಢಣ್ ಅಂತ. ಕಿವಿಗೆ ಹತ್ತಿ ಇಟ್ಕೊಂಡ್ರು, ತಲೆಗೆ ಹೊದಿಕೆ ಸುತ್ಕೊಂಡ್ರು. ಮೂರನೇ ತಿಂಗಳು ಮಿಷನ್ ಮುಂದೆ ನಿಂತಲ್ಲೇ ತೂಕಡಿಸಿ ಎರಡು ಬೆರಳು ಕಳ್ಕೊಂಡ್ರು. ಭಾನುವಾರ ಮನೆ ನೋಡಿದ್ದು ನಾವು ಮಾಡಿದ ತಪ್ಪು ಸರ್. ಹೇಳೋರು ಯಾರೂ ಇರ್ಲಿಲ್ಲ ನಮಗೆ.”

ಗಂಡನ ಜೊತೆ ಕೆಲಸಕ್ಕೆ ಸೇರಲು ಬಂದ ಹೊಸಬರಿಗೆ ಆಮೇಲೆ ಇವರೇ ಹೇಳತೊಡಗಿದರು. ಹೇಳಿದವರು ಇನ್ನೊಬ್ಬರಿಗೆ ಹೇಳಿದರು. ಹಾಗೆ ಬಾಯಿಂದ ಬಾಯಿಗೆ ಹಬ್ಬಿ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು. ಈವರೆಗೆ ನೋಡಿದ ಮನೆಗಳು ಎರಡು ಸಾವಿರದ ಆರುನೂರು ಚಿಲ್ಲರೆ. ಎಲ್ಲವೂ ಮಗಳ ಹಳೆಯ ನೋಟ್‌ಬುಕ್ಕುಗಳ ಉಳಿದ ಹಾಳೆಗಳಲ್ಲಿವೆ. ಒಂದು ಪುಟ ತೆರೆದು ತೋರಿಸುತ್ತಾರೆ: ‘ಹೊರಗೆ ಥಳಕು ಒಳಗೆ ಹುಳುಕು. ಮಲಗೋ ಕೋಣೆಗೆ ಪಕ್ಕದವರ ಕಕ್ಕಸಿನ ಕಿಟಕಿ. ಮಾಲೀಕ ಒಳ್ಳೆಯವನು, ಮಗ ಸರಿಯಿಲ್ಲ.’

ಅವರ ಕೈಯಲ್ಲಿ ಯಾವಾಗಲೂ ಒಂದು ಬಿದಿರುಕೋಲು ಇರುತ್ತದೆ, ಆರಡಿ ಉದ್ದದ್ದು. ದನ ಕಾಯೋಕೆ ಹೊರಟ್ರಾ ಎಂದು ಬಸ್ಸಿನ ಕಂಡಕ್ಟರು ದಿನಾ ಕೇಳುತ್ತಾನಂತೆ. ಅದು ಮಲಗಿದ ಮನುಷ್ಯನ ಅಳತೆ. ಕೋಲನ್ನು ಸೊಂಟದ ಮಟ್ಟಕ್ಕೆ ಉದ್ದಕ್ಕೆ ಮಲಗಿಸಿ ಹಿಡಿದು ಮೆಟ್ಟಿಲು ಇಳಿಯುತ್ತಾರೆ. ತಿರುವಿನಲ್ಲಿ ಗೋಡೆಗೆ ತಾಗದೆ ತಿರುಗಿದರೆ ಸರಿ. ಸಿಕ್ಕಿಕೊಂಡರೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು.

ಈ ಕೋಲು ಕೈಗೆ ಬಂದದ್ದಕ್ಕೂ ಒಂದು ತಪ್ಪೇ ಕಾರಣ. ಆರು ವರ್ಷದ ಹಿಂದೆ ನಿವೃತ್ತ ಮೇಷ್ಟ್ರು ದಂಪತಿಗೆ ಎರಡನೇ ಮಹಡಿಯ ಮನೆ ಮಾಡಿಸಿಕೊಟ್ಟರು. ನೀರು, ಬಿಸಿಲು, ಸದ್ದು ಎಲ್ಲ ನೋಡಿದ್ದರು. ಎಂಟು ತಿಂಗಳಾದ ಮೇಲೆ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆಡ್‌ಶೀಟಿನಿಂದ ಕಟ್ಟಿ ಇಳಿಸಿದರಂತೆ.

“ಮುರಿದ ಸೊಂಟದಲ್ಲಿ ಕೂರಿಸೋದು ಅಂದ್ರೆ ನೋಡಿ. ಕೆಳಗೆ ಬರೋವರೆಗೂ ಕೂಗಿದ್ರಂತೆ. ಆಮೇಲೆ ಅವರ ಮನೆಯವರು ಫೋನ್ ಮಾಡಿ, ನೆಲಮಹಡೀಲಿ ಒಂದು ಮನೆ ಇದ್ರೆ ನೋಡಮ್ಮ ಅಂದ್ರು. ನನಗೆ ಒಂದು ಮಾತೂ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.” ಇಷ್ಟು ಹೇಳಿ ಅವರು ಚಹಾ ಮುಗಿಸುತ್ತಾರೆ.

ಸಂಜೆ ಎಂಟನೇ ಮನೆ. ನೆಲಮಹಡಿ, ಹೊಸಿಲು ಎತ್ತರವಿಲ್ಲ, ನೀರು ಚೆನ್ನಾಗಿದೆ. ಬೆಳಿಗ್ಗೆ, ಮಧ್ಯಾಹ್ನ ನೋಡಿಯಾಗಿದೆ, ಹತ್ತರ ಮೇಲೆ ಒಳಕೋಣೆಗೆ ಬಿಸಿಲೂ ಬರುತ್ತದೆ. ಮಾಲೀಕರು ನಿವೃತ್ತ ಬಸ್ ಡ್ರೈವರ್. ಅವರೂ ಹೆಂಡತಿಯೂ ಮೇಲಿನ ಮಹಡಿಯಲ್ಲಿದ್ದಾರೆ. ಗೇಟಿನಲ್ಲೇ ಬ್ರೋಕರ್ ಪಿಸುಗುಡುತ್ತಾನೆ: “ಅಕ್ಕಾ, ಅಜ್ಜಿ ವಿಷಯ ಈಗ ಎತ್ಬೇಡ. ಮೊದ್ಲು ಕೀಲಿ ಕೈಗೆ ಬರ್ಲಿ. ಎಲ್ಲಾ ಮನೆ ಮುಂದೇನೂ ಹರಿಶ್ಚಂದ್ರನ ತಂಗಿ ಥರ ಆಡಿದ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ.”

ಒಳಗೆ ಹೋದ ಮೇಲೆ ನಲ್ಲಿ ಅಕ್ಕ ಮೊದಲು ಹೇಳುವುದೇ ಅಜ್ಜಿಯ ವಿಷಯ. ಬ್ರೋಕರ್ ಸೂರು ನೋಡುತ್ತಾನೆ.

ಡ್ರೈವರ್ ಯಜಮಾನರು ಒಳಕೋಣೆಯ ಕಡೆ ತಿರುಗಿ ನೋಡುತ್ತಾರೆ. “ಅಲ್ಲಮ್ಮಾ, ಇಲ್ಲೇ ಹೋಗ್ಬಿಟ್ರೆ?”

“ಹೋಗ್ಬಹುದು ಯಜಮಾನ್ರೇ. ಯಾವತ್ತು ಅಂತ ಡಾಕ್ಟರೂ ಹೇಳಿಲ್ಲ.”

“ಆಮೇಲೆ ಬಾಡಿಗೆಗೆ ಯಾರು ಬರ್ತಾರೆ ಇಲ್ಲಿಗೆ?”

“ನಾನೇ ಕರ್ಕೊಂಡು ಬರ್ತೀನಿ. ಅವರಿಗೂ ಇದನ್ನ ಹೇಳೇ ಕರ್ಕೊಂಡು ಬರ್ತೀನಿ.”

ಅವರ ಕೈಯಲ್ಲಿನ ಕೋಲು ಯಾತಕ್ಕೆಂದು ಕೇಳಿ ತಿಳಿದುಕೊಂಡು, ನಾಳೆ ಹೇಳುತ್ತೇನೆ ಎಂದು ಯಜಮಾನರು ಏಳುತ್ತಾರೆ. ‘ನಾಳೆ’ ಎಂದರೆ ಏನರ್ಥ ಎನ್ನುವುದು ನಮ್ಮೆಲ್ಲರಿಗೂ ಗೊತ್ತಿದೆ. ಬ್ರೋಕರ್ ಬೈಕ್ ಹತ್ತಿ ನಮ್ಮ ಕಡೆ ನೋಡದೆ ಹೋಗುತ್ತಾನೆ.

ಬುಧವಾರ ಮಧ್ಯಾಹ್ನದವರೆಗೆ ಯಜಮಾನರ ಫೋನಿಲ್ಲ. ಗುಮಾಸ್ತೆಯ ಫೋನು ಮಾತ್ರ ನಾಲ್ಕು ಸಲ ಬಂದಿದೆ. ಅಷ್ಟರಲ್ಲಿ ನಲ್ಲಿ ಅಕ್ಕ ಇನ್ನೊಂದು ಮನೆ ನೋಡಿದ್ದಾರೆ. ಮೊದಲ ಮಹಡಿ, ಮಾಲೀಕರದ್ದು ಯಾವ ತಕರಾರೂ ಇಲ್ಲ, ಕೋಲು ಮಾತ್ರ ತಿರುವಿನಲ್ಲಿ ಸಿಕ್ಕಿಕೊಂಡಿದೆ. ಐದನೇ ಸಲ ಫೋನ್ ಬಂದಾಗ ಗುಮಾಸ್ತೆಯ ಅಳು ನನಗೂ ಕೇಳಿಸುತ್ತದೆ. “ಅದೇ ಆಗ್ಲಿ ಬಿಡಿ ಅಕ್ಕಾ. ನಾಳೆ ಅಮ್ಮನ್ನ ವ್ಯಾನಲ್ಲೇ ಇಟ್ಕೊಳ್ಲಾ ನಾನು? ಹೆಂಗೋ ನಾಲ್ಕು ಜನ ಹಿಡ್ಕೊಂಡು ಹತ್ತಿಸ್ತೀವಿ.”

“ಹತ್ತಿಸ್ಬಹುದು ಮೇಡಂ. ಇಳಿಸೋದು ಹೆಂಗೆ?”

ಸಂಜೆವರೆಗೆ ಕಾಯಿರಿ ಎಂದು ಹೇಳಿ ನಲ್ಲಿ ಅಕ್ಕ ಅಲ್ಲೇ ಅಂಗಡಿಕಟ್ಟೆಯ ಮೇಲೆ ಕೂರುತ್ತಾರೆ, ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಾರೆ. ಅವರ ಮುಖ ನೋಡಲು ನನಗೆ ಆಗುತ್ತಿಲ್ಲ. ಒಂದು ಸುಳ್ಳು ಹೇಳಿದ್ದರೆ ನಿನ್ನೆಯೇ ಮುಗಿಯುತ್ತಿತ್ತು ಎಂದು ನನಗೇ ಅನಿಸಿದೆ. ನನ್ನ ಮನಸ್ಸು ಓದಿದವರಂತೆ ಅವರು ಹೇಳುತ್ತಾರೆ: “ಸುಳ್ಳು ಹೇಳಿ ಕೂರಿಸಿದ್ರೆ, ಗೊತ್ತಾದ ದಿನ ಸಾಮಾನು ಬೀದಿಗೆ ಹಾಕ್ತಾರೆ ಸರ್. ಆ ತಾಯೀನೂ ಸಾಮಾನಿನ ಜೊತೆಗೇ ತಾನೇ?”

ಸಂಜೆ ಆರಕ್ಕೆ ಡ್ರೈವರ್ ಯಜಮಾನರ ಫೋನ್ ಬರುತ್ತದೆ. ಕೇಳುವುದು ಒಂದೇ ಮಾತು: “ಆ ಕೋಲು ತಗೊಂಡು ಬರ್ತೀಯೇನಮ್ಮಾ?”

ಹೋದರೆ ಅವರು ಕೆಳಗಿನ ಮನೆಯ ಬಾಗಿಲು ತೆರೆಯುವುದಿಲ್ಲ. ತಾವಿರುವ ಮೇಲಿನ ಮನೆಯ ಮೆಟ್ಟಿಲು ತೋರಿಸುತ್ತಾರೆ. ನಲ್ಲಿ ಅಕ್ಕ ಮೇಲೆ ಹೋಗಿ, ಕೋಲನ್ನು ಮಲಗಿಸಿ ಹಿಡಿದು ಇಳಿಯುತ್ತಾರೆ. ಒಂಬತ್ತನೇ ಮೆಟ್ಟಿಲಿನಲ್ಲಿ ಅದು ಎರಡೂ ಗೋಡೆಗೆ ತಗುಲಿ ನಿಲ್ಲುತ್ತದೆ. ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಎತ್ತುವುದಿಲ್ಲ, ಹಾಗೇ ಹಿಡಿದು ನಿಲ್ಲುತ್ತಾರೆ.

ಮೂವತ್ತೈದು ವರ್ಷ ಬಸ್ಸನ್ನು ಎಂತೆಂಥ ಸಂದಿಯಲ್ಲಿ ತಿರುಗಿಸಿದ ಮನುಷ್ಯ ಆ ಕೋಲನ್ನೇ ನೋಡುತ್ತಾರೆ. “ನಾನೇ ನಿಂತು ಕಟ್ಸಿದ ಮೆಟ್ಲು,” ಎನ್ನುತ್ತಾರೆ ಮೆಲ್ಲಗೆ. ಆಮೇಲೆ, “ಹಂಗಾದ್ರೆ ಕೆಳಗಿನ ಮನೆ ನಮಗೇ ಬೇಕಾಗುತ್ತಲ್ಲಮ್ಮ.”

ನಲ್ಲಿ ಅಕ್ಕ ಕೋಲು ಕೆಳಗಿಳಿಸದೆ, “ಬೇಕಾಗುತ್ತೆ ಯಜಮಾನ್ರೇ,” ಎನ್ನುತ್ತಾರೆ.

ಮೇಲಿನ ಬಾಗಿಲಲ್ಲಿ ನಿಂತಿದ್ದ ಯಜಮಾನರ ಹೆಂಡತಿ ಮಂಡಿ ಹಿಡಿದುಕೊಂಡು ಎರಡು ಮೆಟ್ಟಿಲು ಇಳಿದು ಬರುತ್ತಾರೆ. “ನಮಗೆ ಬೇಕಾದಾಗ ನೋಡೋಣ ಬಿಡ್ರೀ. ಅವರಿಗೆ ನಾಳೆ ಬೇಕಾಗಿದೆ. ಕೀಲಿ ಕೊಡಿ ಅತ್ಲಾಗೆ.”

ಯಜಮಾನರು ಜೇಬಿಗೆ ಕೈ ಹಾಕುತ್ತಾರೆ. ಕೀಲಿ ಆಗಲೇ ಅಲ್ಲಿತ್ತು.

ಗುರುವಾರ ಹತ್ತೂವರೆಗೆ ವ್ಯಾನ್ ಬರುತ್ತದೆ. ಡ್ರೈವರ್ ಯಜಮಾನರೇ ಮುಂದೆ ನಿಂತು, ಬಲಕ್ಕೆ, ಇನ್ನೂ ಬಲಕ್ಕೆ ಎಂದು ವ್ಯಾನನ್ನು ಗೇಟಿಗೆ ಹಚ್ಚಿಸುತ್ತಾರೆ. ನಾಲ್ಕು ಜನ ತಾಯಿಯನ್ನು ಮಲಗಿಸಿಕೊಂಡೇ ಒಳಗೆ ಒಯ್ಯುತ್ತಾರೆ. ಎಲ್ಲೂ ಓರೆ ಮಾಡಬೇಕಾಗಿಲ್ಲ. ಕಿಟಕಿ ಪಕ್ಕ ಮಂಚ ಹಾಕುವಾಗ ಬಿಸಿಲು ಬಂದಿದೆ. ಗುಮಾಸ್ತೆ ಒಮ್ಮೆ ತಾಯಿಯ ಹತ್ತಿರ, ಒಮ್ಮೆ ಪೆಟ್ಟಿಗೆಗಳ ಹತ್ತಿರ ಓಡಾಡುತ್ತಿದ್ದಾರೆ. ನಲ್ಲಿ ಅಕ್ಕನ ಕಡೆ ನೋಡಲು ಅವರಿಗೆ ಪುರುಸೊತ್ತಿಲ್ಲ. ನಲ್ಲಿ ಅಕ್ಕ ಹೇಳದೆ ಕೇಳದೆ ಗೇಟು ದಾಟುತ್ತಾರೆ.

ಬಸ್ ನಿಲ್ದಾಣದ ತನಕ ಜೊತೆಗೆ ನಡೆದು, ನಮ್ಮ ಕಸುಬಿನವರು ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯೇ?

“ಎಂಥ ಆಸೆ ಸರ್. ಇಷ್ಟು ವರ್ಷ ಬರೀ ಖಾಲಿ ಮನೆ ನೋಡಿದ್ದಾಯ್ತು. ಸಾಮಾನೆಲ್ಲ ಇಟ್ಟು, ಒಲೆ ಹಚ್ಚಿ, ಬಟ್ಟೆ ಒಣಗಾಕಿದ ಮೇಲೆ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಅನ್ಸುತ್ತೆ. ಯಾರೂ ಕರೆಯಲ್ಲ. ಬೇಜಾರೇನಿಲ್ಲ. ಮನೆಯಲ್ಲಿ ಏನಾದ್ರೂ ಸರಿ ಇಲ್ದಿದ್ರೆ ಅವತ್ತೇ ಫೋನ್ ಬರುತ್ತೆ, ಚೆನ್ನಾಗಿದ್ರೆ ಬರಲ್ಲ.”

ಈ ಲೇಖನ ಮುಗಿಸುವ ಮುನ್ನ, ಭಾನುವಾರ ಬೆಳಿಗ್ಗೆ, ಅವರಿಗೆ ಫೋನ್ ಮಾಡುತ್ತೇನೆ. ಆ ಕಡೆ ಯಾವುದೋ ನಲ್ಲಿಯಿಂದ ನೀರು ಬಕೆಟಿಗೆ ಬೀಳುವ ಸದ್ದು. ಭಾನುವಾರವೂ ಬಿಡುವಿಲ್ಲವೇ ಎಂದರೆ ನಗುತ್ತಾರೆ. ಗುಮಾಸ್ತೆ ಮೇಡಂ ಏನಾದರೂ ಮಾತಾಡಿದರೇ ಎಂದು ಕೇಳುತ್ತೇನೆ.

“ಇಲ್ಲ ಸರ್, ಮೂರು ದಿನ ಆಯ್ತು. ಒಂದು ಫೋನೂ ಇಲ್ಲ.” ಅವರ ದನಿ ಇವತ್ತು ತಿಳಿಯಾಗಿದೆ. “ಚೆನ್ನಾಗಿದ್ದಾರೆ.”