ಫರ್ಸಿ ಮೇಸ್ತ್ರಿ ಮತ್ತು ಕೆಂಪು ಶಾಯಿಯ ಸಾಲು

ಪ್ರಮಿತಾ ಮೇಡಂ ಮೇಲಿನ ಸಿಟ್ಟು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಯಾರ್ಡಿನ ಮೇಸ್ತ್ರಿ ಮಾಣಿಕಪ್ಪನಿಗೆ ಇವತ್ತಿಗೂ ಇಳಿದಿಲ್ಲ. ಆಕೆ ಅವನ ಮಗಳು ಮೈತ್ರಿಯ ಪಿಎಚ್‌ಡಿ ಗೈಡ್. ಶಹಾಬಾದದ ಕಲ್ಲಿನ ಧೂಳಿನಿಂದ ಕೂಲಿಗಳ ಎದೆ ಕೆಡುತ್ತದೆ ಎಂದು ಮೈತ್ರಿ ಎರಡು ವರ್ಷ ಅಲೆದು ಬರೆದ ಅಧ್ಯಾಯವನ್ನು, ಕೆಂಪು ಶಾಯಿಯಲ್ಲಿ ಒಂದೇ ಸಾಲು ಗೀಚಿ ವಾಪಸ್ ಕಳಿಸಿದ್ದಳು. ತಿಂಗಳೊಳಗೆ ಸರಿಯಾಗದಿದ್ದರೆ ಆ ಅಧ್ಯಾಯವೇ ಇಲ್ಲ.

"ಏನ್ ಬರದಾಳ ಅಕಿ?"

"ನಾ ಹೇಳಿದ್ದನ್ನ ನನ್ನ ಪುರಾವೆ ಬೇರ್ ಔಟ್ ಮಾಡಂಗಿಲ್ಲ ಅಂತ ಬರದಾರಪ್ಪ."

ನಾಲ್ಕನೇ ಇಯತ್ತೆ ಓದಿದ ಮಾಣಿಕಪ್ಪ ಮುಂದಿನ ಮಾತು ಕೇಳಲಿಲ್ಲ. ಬೈಕು ಹತ್ತಿ ಪಕ್ಕದ ವಾಡಿ ಊರಿಗೆ ಹೋಗಿ, ರಿಟೈರಾದ ಇಂಗ್ಲಿಷ್ ಮಾಸ್ತರ್ ವಿಠ್ಠಲರಾಯರ ಮುಂದೆ ಕುಳಿತ.

"ಬೇರ್ ಅಂದ್ರ ಹೊರೋದು, ಔಟ್ ಅಂದ್ರ ಹೊರಗ," ಎಂದರು ಮಾಸ್ತರರು. "ಎರಡೂ ಕೂಡಿದ್ರ ಮಾತು ಬ್ಯಾರೆನೇ ಆಗ್ತದ. ಖಣಿಯಂವ ಫರ್ಸಿ ಚಲೋ ಅದ ಅಂದ್ರ ನೀ ನಂಬ್ತಿಯೇನು?"

"ಯಾಕ ನಂಬಲಿ? ಸುತ್ತಿಗಿ ಹಿಡಿಲೆ ಬಡಿತೀನಿ. ಠಣ್ ಅಂದ್ರ ಒಳಗ ಸೀಳಿಲ್ಲ."

"ಆ ಠಣ್ ಅನ್ನೋದೇ ಬೇರ್ ಔಟ್. ಅಂವ ಹೇಳಿದ್ದಕ್ಕ ಕಲ್ಲು ಹೂಂ ಅನಬೇಕು. ನಿನ್ನ ಮಗಳು ಹೇಳಿದ್ದಕ್ಕ ಕೂಲಿಗಳು ಹೂಂ ಅಂದಿಲ್ಲ."

ಮಾಣಿಕಪ್ಪ ಉರಿಯುತ್ತಲೇ ಮನೆಗೆ ಬಂದ. "ಯಾವ ಮಗ ಸುಳ್ಳು ಹೇಳ್ಯಾನ ತೋರ್ಸು."

ಮೈತ್ರಿ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದಳು. ಮೊದಲು ಕೇಳಿಸಿದ್ದು ಅವನದೇ ದನಿ: "ಕುಂದ್ರಿ, ನಮ್ಮ ಮೈತ್ರಿ ಕೇಳ್ತಾಳ, ಹೇಳ್ರಿ." ಇಪ್ಪತ್ತೆರಡು ಕೂಲಿಗಳ ಮಾತಿಗೂ ಮೊದಲು ಅದೇ ದನಿ. ಮಗಳು ಕೆಲಸ ಮಾಡುವುದನ್ನು ನೋಡುವ ಹೆಮ್ಮೆಗೆ ದಿನಾ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಕೆಮ್ಮುವವನನ್ನು ಪಾಲಿಶ್ ಮಷೀನಿನಿಂದ ಇಳಿಸಿ ಕೂಲಿ ತಪ್ಪಿಸುವ ಮೇಸ್ತ್ರಿ ಎದುರಿಗಿದ್ದರೆ ಯಾರು ಬಾಯಿ ಬಿಡುತ್ತಾರೆ? "ತ್ರಾಸ ಏನಿಲ್ರಿ" ಎನ್ನುತ್ತಿದ್ದರು. ಹಿಂದೆಯೇ ಕೆಮ್ಮು.

"ಕೆಮ್ಮು ಕೇಳಾಕತ್ತದಲ್ಲ."

"ಅವರ ಬಾಯಿಲೆ ಬರಬೇಕಪ್ಪ."

"ನನಗ ಎದ್ದು ಹೋಗು ಅನಬೇಕಿತ್ತಲ್ಲ?"

"ಅನ್ಲಿಕ್ಕ ನನಗೂ ಬರಲಿಲ್ಲ."

ಮರುದಿನ ಮಗಳನ್ನು ಕರೆದುಕೊಂಡು ಲಾಲಮ್ಮನ ಮನೆಗೆ ಹೋದ. ಅವಳ ಗಂಡ ಇವನ ಕೈಕೆಳಗೆ ಹನ್ನೊಂದು ವರ್ಷ ಫರ್ಸಿಗೆ ಪಾಲಿಶ್ ಹೊಡೆದು, ಕೆಮ್ಮಿ ಕೆಮ್ಮಿ ಸತ್ತವನು.

"ಅಕ್ಕಾ, ಧೂಳಿನಿಂದನೇ ಆತು ಅಂತ ಇಕಿಗಿ ಹೇಳಿಬಿಡು."

ಲಾಲಮ್ಮ ನೀರಿನ ತಂಬಿಗೆ ಇಟ್ಟು ಕುಳಿತಳು. "ಅಂವ ಸತ್ತಾಗ ಸರ್ಕಾರದ ಸಾಹೇಬ ವಿಚಾರಣಿಗಿ ಬಂದಾಗ ಇದೇ ಮಾತು ಹೇಳು ಅಂತ ನಿನಗ ಕೈ ಮುಗದಿದ್ದೆ ತಮ್ಮಾ. ನೀ ಸಾಹೇಬಗ ಬೀಡಿ ಸೇದಿ ಸತ್ತ ಅಂದಿ. ಅಂವ ಒಂದು ದಿನಾನೂ ಬೀಡಿ ಮುಟ್ಟಿದಂವಲ್ಲ. ನೀ ಮೊದಲ ಹೇಳು, ಆಮ್ಯಾಗ ನಾ ಹೇಳ್ತೀನಿ."

ಮೈತ್ರಿ ಫೋನನ್ನು ಇಬ್ಬರ ನಡುವೆ ಇಟ್ಟಳು. ಊರೆಲ್ಲ ಕೇಳುವಂತೆ ಬೈಯುವ ಮಾಣಿಕಪ್ಪ ತಂಬಿಗೆ ಎತ್ತಿ ನೀರು ಕುಡಿದ. ನಾಳೆ ಎಂಟಕ್ಕೆ ಮಾಲೀಕ ಯಾರ್ಡಿಗೆ ಬರುತ್ತಾನೆ; ಈ ಮಾತು ಕಿವಿಗೆ ಬಿದ್ದರೆ ಕೆಲಸದಿಂದ ತೆಗೆಯುತ್ತಾನೆ. ಈ ವಯಸ್ಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಕೊನೆಗೆ ಮೈತ್ರಿಯೇ ಅದನ್ನು ನಿಲ್ಲಿಸಿದಳು.

ತಿಂಗಳ ಕೊನೆಗೆ ಆ ಅಧ್ಯಾಯವನ್ನು ಅವಳು ತೆಗೆದುಹಾಕಿದಳು.

ಲಾಲಮ್ಮ ಈಗಲೂ ಯಾರ್ಡಿನ ಗೇಟಿನ ಮುಂದಿನಿಂದಲೇ ಕೆಲಸಕ್ಕೆ ಹೋಗುತ್ತಾಳೆ. "ಚಾ ಆತೇನು ತಮ್ಮಾ?" ಎನ್ನುತ್ತಾಳೆ. "ಆತಕ್ಕಾ" ಎನ್ನುತ್ತಾನೆ ಮಾಣಿಕಪ್ಪ. ಅವಳಿಗೆ ಹೇಳಬೇಕಾದ ಮಾತು ಅದಲ್ಲ. ಅವಳ ಗಂಡ ಧೂಳಿನಿಂದಲೇ ಸತ್ತ ಎಂಬ ಮಾತು ಇವತ್ತಿಗೂ ಬಾಕಿ ಇದೆ.